ಯಾವ ಒಲೆಯ ಲೆಕ್ಕಕ್ಕೆ

ನನ್ನ ಕೆಲಸದಲ್ಲಿ ಮೇಲಿಂದ ಮೇಲೆ ಬರೆಯಬೇಕಾಗುವ ಒಂದು ಪ್ಯಾರಾ ಇದೆ. ಹೊಸ ಯೋಜನೆಗೆ ಅರ್ಜಿ ಹಾಕುವಾಗಲೂ, ಯಾವುದೋ ಕಾಲೇಜಿನವರು ಉಪನ್ಯಾಸಕ್ಕೆ ಕರೆದಾಗಲೂ ಕೇಳುವುದು ಅದನ್ನೇ: ನಿಮ್ಮ ಶೈಕ್ಷಣಿಕ ಹಾಗೂ ವೃತ್ತಿಯ ಹಿನ್ನೆಲೆಯನ್ನು ಚಿಕ್ಕದಾಗಿ ಕಳಿಸಿಕೊಡಿ. ಸವದತ್ತಿ ತಾಲೂಕಿನ ಹಳ್ಳಿಯೊಂದರಲ್ಲಿ ಜನನ, ಬೈಲಹೊಂಗಲದಲ್ಲಿ ಶಾಲೆ ಮತ್ತು ಬಿ.ಎ., ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ., ಶಿಕ್ಷಣಕ್ಕೆ ಮನೆಗಳು ಮಾಡುವ ವೆಚ್ಚದ ಬಗ್ಗೆ ಪಿಎಚ್.ಡಿ., ಈಗ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ. ಸಾಲುಗಳೆಲ್ಲ ನಿಜ. ಓದಿದರೆ ಮಾತ್ರ ಯಾರೋ ಒಂದು ಬಸ್ಸಿನಿಂದ ಇನ್ನೊಂದು ಬಸ್ಸಿಗೆ ಸಲೀಸಾಗಿ ಹತ್ತಿ ಇಳಿದಂತೆ ಕಾಣುತ್ತದೆ.

ಈ ವರ್ಷ ಮೇ ತಿಂಗಳಲ್ಲಿ ಆ ಪ್ಯಾರಾವನ್ನು ತಿದ್ದುತ್ತ ಕೂತಿದ್ದಾಗ ರಾಮದುರ್ಗದಿಂದ ಫೋನ್ ಬಂತು. ನನ್ನ ಸೋದರಮಾವನ ಮಗಳು. ಅವಳ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಒಳ್ಳೆಯ ಅಂಕ ಬಂದಿವೆ ಎಂದಳು, ನಾನು ಸಂತೋಷ ಎಂದೆ. ಆಮೇಲೆ ಅವಳು ಅದೇ ಉಸಿರಿನಲ್ಲಿ, "ಸೈನ್ಸ್ ತಗೋತಾಳಂತ. ಧಾರವಾಡದಾಗ ಓದಸೂದು ಅಂತ ಮಾಡೇವಿ. ನಿನ್ನ ಮನ್ಯಾಗ ಇರ್ತಾಳ" ಎಂದಳು.

ಕೊನೆಯ ಮಾತಿನಲ್ಲಿ ಪ್ರಶ್ನೆ ಇರಲಿಲ್ಲ. ನಮ್ಮ ಕಡೆ ಅದು ಪ್ರಶ್ನೆಯೇ ಅಲ್ಲ. ಓದುವ ಮಕ್ಕಳು ಮಾವನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇರುವುದು ಬೆಳಗಾದರೆ ಹಾಲಿನವನು ಬರುವಷ್ಟೇ ಸಹಜ. ನಾನು ಭಾನುವಾರ ಬರುತ್ತೇನೆ, ಕೂತು ಮಾತಾಡೋಣ ಎಂದೆ. "ಮಾತಾಡೂದೇನೈತಿ ಅದರಾಗ? ಬಾ. ನಮ್ಮವ್ವನೂ ಇಲ್ಲೇ ಅದಾಳ" ಎಂದು ಫೋನ್ ಇಟ್ಟಳು.

ಭಾನುವಾರದವರೆಗೂ ನಾನು ಮನೆಯೊಳಗೆ ಸುತ್ತುತ್ತಲೇ ಇದ್ದೆ. ಎರಡು ಕೋಣೆ, ಒಂದು ಅಡುಗೆಮನೆ, ನಾನೊಬ್ಬಳೇ. ನೀರು ದಿನ ಬಿಟ್ಟು ದಿನ ಬರುತ್ತದೆ, ಕೆಲಸದ ಮೇಲೆ ಹಳ್ಳಿಗೆ ಹೋದರೆ ತಿರುಗಿ ಬರುವುದು ಎಷ್ಟು ಹೊತ್ತಿಗೋ, ಅಡುಗೆ ಮಾಡಿದರೆ ಮಾಡಿದೆ ಇಲ್ಲದಿದ್ದರೆ ಇಲ್ಲ. ಈ ಕಾರಣಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಜೋಡಿಸಿದ ಹಾಗೆಲ್ಲ ಅವು ಕಾರಣಗಳಲ್ಲ ಎಂದೂ ತಿಳಿಯುತ್ತಿತ್ತು.

ನಾನೇ ಐದನೆಯ ಇಯತ್ತೆಯಿಂದ ಬಿ.ಎ. ಮುಗಿಯುವವರೆಗೆ ಬೈಲಹೊಂಗಲದ ಮಾವನ ಮನೆಯಲ್ಲಿ ಬೆಳೆದವಳು. ನಮ್ಮ ಹಳ್ಳಿಯಲ್ಲಿ ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತ್ತು. ಅಪ್ಪ ನನ್ನನ್ನು ಕರೆತಂದು ಬಿಟ್ಟ ದಿನ ಜೋರು ಮಳೆ ಬರುತ್ತಿತ್ತು ಎಂದು ನನಗೆ ನೆನಪು. ಜೋರು ಬಿಸಿಲಿತ್ತು, ಅಪ್ಪನ ಟೊಪ್ಪಿಗೆ ಬೆವರಿನಿಂದ ಒದ್ದೆಯಾಗಿತ್ತು ಎಂದು ಅವ್ವ ಹೇಳುತ್ತಾಳೆ. ಅವ್ವ ಅವತ್ತು ಬಂದಿರಲೇ ಇಲ್ಲ. ಹಾಗಿದ್ದರೆ ಅವಳಿಗೆ ಬಿಸಿಲು ಹೇಗೆ ನೆನಪು? ಒದ್ದೆ ಟೊಪ್ಪಿಗೆ ನೋಡಿ ನಾನು ಮಳೆ ಎಂದುಕೊಂಡೆನೇ? ಈ ಬಗೆಯ ತಕರಾರು ನಮ್ಮಿಬ್ಬರ ನಡುವೆ ಮುಗಿಯುವುದಿಲ್ಲ. ಡೈರಿ ಬರೆಯಲು ಶುರು ಮಾಡಿದ್ದು ಕಾಲೇಜಿನಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಸಾಕ್ಷಿಯೆಂದರೆ ನಾನೊಬ್ಬಳೇ, ಅದೂ ನಂಬಿಕೆಗೆ ಯೋಗ್ಯಳಾದ ಸಾಕ್ಷಿಯಲ್ಲ.

ಮಾವ ಹತ್ತಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಕಡಿಮೆ ಮಾತಿನ ಮನುಷ್ಯ. ಮನೆಗೆ ಬಂದಾಗ ಅವರ ಅಂಗಿಯ ತೋಳಿಗೆ ಹತ್ತಿಯ ಎಳೆ ಅಂಟಿರುತ್ತಿತ್ತು. ಮನೆ ನಡೆಸುತ್ತಿದ್ದವಳು ಅತ್ತೆ. ಮಾವನ ಮಗಳು ನನಗಿಂತ ಕೆಲವು ತಿಂಗಳಿಗೆ ದೊಡ್ಡವಳು. ಒಂದೇ ವರ್ಗ, ಒಂದೇ ಹಾಸಿಗೆ, ಎಣ್ಣೆ ಹಚ್ಚಿ ಹೆಣೆದ ಒಂದೇ ನಮೂನೆಯ ಜಡೆ. ನನಗೆ ಯಾರೂ ಊಟಕ್ಕೆ ಕಡಿಮೆ ಹಾಕಲಿಲ್ಲ. ಹೊಡೆಯಲಿಲ್ಲ. ಕಷ್ಟದ ಕೆಲಸ ಹಚ್ಚಲಿಲ್ಲ. ಇಷ್ಟಾದರೂ ಆ ಮನೆ ನನ್ನದು ಎಂದು ಅನ್ನಿಸಲೇ ಇಲ್ಲ, ಅದಕ್ಕೆ ಕಾರಣ ಹೇಳಲು ಹೋದರೆ ಅಳುಮೋರೆಯ ಮಾತು ಹೊರಬೀಳುತ್ತದೆ.

ಕಾರಣವಿಷ್ಟೇ. ಅತ್ತೆ ನನಗೆ ಬೈಯುತ್ತಿರಲಿಲ್ಲ. ಮಗಳು ಹಾಲು ಚೆಲ್ಲಿದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು, ಬೆನ್ನಿಗೆ ಒಂದು ಗುದ್ದೂ ಬೀಳುತ್ತಿತ್ತು. ನಾನು ಚೆಲ್ಲಿದರೆ "ಇರ್ಲಿ ಬಿಡವಾ" ಎಂದು ತಾನೇ ಒರೆಸುತ್ತಿದ್ದಳು. ಬೈಗಳು ತಿಂದ ಮಗಳು ಒಂದು ಗಳಿಗೆ ಅತ್ತು, ಮರುಗಳಿಗೆಗೆ ಅವ್ವನ ಸೆರಗು ಹಿಡಿದು ಶೇಂಗಾ ಕೇಳುತ್ತಿದ್ದಳು. ನಾನು ಒರೆಸಿದ ನೆಲವನ್ನೇ ನೋಡುತ್ತ ನಿಂತಿರುತ್ತಿದ್ದೆ. ಈ ಮನೆಯಲ್ಲಿ ನಾನು ಯಾರು ಎಂಬುದು ಆ "ಇರ್ಲಿ ಬಿಡವಾ"ದಲ್ಲಿ ಇದೆ ಎಂದು ನನಗೆ ಅನ್ನಿಸುತ್ತಿತ್ತು. ಅಥವಾ ಹಾಗೆ ಅನ್ನಿಸುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹತ್ತು ವರ್ಷದ ಹುಡುಗಿಗೆ ಇಷ್ಟೆಲ್ಲ ಹೊಳೆಯುತ್ತದೆಯೇ?

ಅರ್ಥಶಾಸ್ತ್ರವನ್ನು ಏಕೆ ಆರಿಸಿಕೊಂಡಿರಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸುತ್ತಲಿನ ಬದುಕು ಪ್ರಶ್ನೆಗಳನ್ನು ಎತ್ತಿತು ಎಂದು ನಾನು ಹೇಳುತ್ತೇನೆ. ಬಿ.ಎ.ಗೆ ಸೇರುವಾಗ ಅಂಥ ಪ್ರಶ್ನೆ ಯಾವುದೂ ಇರಲಿಲ್ಲ. ಬ್ಯಾಂಕಿನ ಪರೀಕ್ಷೆಗೆ ಅನುಕೂಲ ಎಂದು ಮಾವ ಹೇಳಿದರು, ಅಷ್ಟೇ. ಅವರ ಮಗಳು ಗೃಹವಿಜ್ಞಾನ ತೆಗೆದುಕೊಂಡಳು, ಎರಡನೆಯ ವರ್ಷಕ್ಕೆ ಮದುವೆಯಾಗಿ ರಾಮದುರ್ಗಕ್ಕೆ ಹೋದಳು. ನಾನು ಬ್ಯಾಂಕಿನ ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಎಂ.ಎ.ಗೆ ಸೀಟು ಸಿಕ್ಕಿತು. ಒಂದು ಬಾಗಿಲು ತೆರೆಯದ್ದರಿಂದ ಇನ್ನೊಂದಕ್ಕೆ ಹೋದದ್ದು, ಮುಂದೆ ಪ್ಯಾರಾದಲ್ಲಿ ಆಯ್ಕೆ ಎಂದಾಗಿ ಕೂತಿತು.

ಪ್ರಶ್ನೆ ಬಂದದ್ದು ಪಿಎಚ್.ಡಿ. ಕಾಲದಲ್ಲಿ. ಮಕ್ಕಳ ಓದಿಗೆ ಒಂದೊಂದು ಮನೆ ಎಷ್ಟು ಖರ್ಚು ಮಾಡುತ್ತದೆ ಎಂದು ಮನೆ ಮನೆಗೆ ಹೋಗಿ ಕೇಳುವುದು ನನ್ನ ಕೆಲಸವಾಗಿತ್ತು. ಹಾಗೆ ಕೇಳಬೇಕಾದರೆ ಮೊದಲು ಮನೆ ಎಂದರೇನು ಎಂದು ತೀರ್ಮಾನಿಸಬೇಕು. ಅದಕ್ಕೊಂದು ಕಟ್ಟಳೆ ಇದೆ: ಒಂದೇ ಒಲೆಯ ಮೇಲೆ ಬೇಯಿಸಿದ್ದನ್ನು ಉಣ್ಣುವವರು ಒಂದು ಕುಟುಂಬ. ಆ ಕಟ್ಟಳೆಯನ್ನು ಚೀಲದಲ್ಲಿಟ್ಟುಕೊಂಡು ನಾನು ಉಗರಗೋಳದ ಓಣಿಗಳಲ್ಲಿ ತಿರುಗಿದೆ. ಅಲ್ಲಿ ಕಾಯಿ, ಕುಂಕುಮ, ಭಂಡಾರ ಮಾರುವ ಒಬ್ಬ ಹೆಣ್ಣುಮಗಳು ಗಿರಾಕಿಗಳ ನಡುವೆಯೇ ನನಗೆ ಉತ್ತರ ಕೊಟ್ಟಳು. ಮಕ್ಕಳೆಷ್ಟು ಎಂದರೆ ಮೂವರು. ಇಲ್ಲಿ ಉಣ್ಣುವವರೆಷ್ಟು ಎಂದರೆ ಇಬ್ಬರು. ಇನ್ನೊಂದು ತೊರಗಲ್ಲಿನ ತವರುಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತದಂತೆ. ಅದರ ಖರ್ಚು? "ಅದಕ್ಕೇನ ಖರ್ಚರಿ ನಮಗ? ನಮ್ಮಣ್ಣನ ಮನ್ಯಾಗ ಐತಿ ಕೂಸು." ನಾನು ಖರ್ಚಿಲ್ಲ ಎಂದು ಗುರುತು ಹಾಕಿದೆ.

ಮುಂದಿನ ವಾರ ತೊರಗಲ್ಲಿಗೆ ಹೋದೆ. ಕೋಟೆಯ ಕೆಳಗಿನ ಆ ಊರಿನಲ್ಲಿ ಅದೇ ಅಣ್ಣನ ಮನೆ ಸಿಕ್ಕಿತು. ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾದಿನಿಯ ಮಗುವಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದ್ದಕ್ಕೆ ಅವಳಿಗೆ ಸ್ವಲ್ಪ ಸಿಟ್ಟೇ ಬಂತು. "ಒಂದ ರೊಟ್ಟಿ ಹೆಚ್ಚಿಗಿ ಬಡೀತೇನಿ. ಅದನ್ನೂ ಬರಕೋತೀರೇನು? ಬರಕೋಬ್ಯಾಡ್ರಿ, ಚಲೋ ಕಾಣೂದಿಲ್ಲ" ಎಂದಳು. ಅಲ್ಲಿಯೂ ಖರ್ಚಿಲ್ಲ ಎಂದೇ ಗುರುತು ಬಿತ್ತು. ಎರಡು ಮನೆಗಳೂ ಪ್ರೀತಿಯ ಕಾರಣಕ್ಕೇ ಲೆಕ್ಕ ಕೊಡಲು ಒಪ್ಪಲಿಲ್ಲ. ಒಂದು ಹುಡುಗಿ ಹೈಸ್ಕೂಲು ಓದುತ್ತಿದ್ದಳು, ಆದರೆ ನನ್ನ ಹಾಳೆಗಳ ಪ್ರಕಾರ ಅವಳ ಓದಿನಿಂದ ಯಾರಿಗೂ ಏನೂ ಖರ್ಚು ಬಿದ್ದಿರಲಿಲ್ಲ.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ, ಸೀಟಿದ್ದರೂ ನಿಂತೇ ಬಂದೆ. ನನ್ನನ್ನೇ ಯಾರಾದರೂ ಹಾಗೆ ಲೆಕ್ಕ ಹಾಕಿದ್ದರೆ ನಾನು ಯಾವ ಒಲೆಗೆ ಸೇರುತ್ತಿದ್ದೆ? ಅಪ್ಪ ಸುಗ್ಗಿಯಲ್ಲಿ ಜೋಳ ಕಳಿಸುತ್ತಿದ್ದ. ಅದು ನನ್ನ ಊಟವೋ, ಹೆಂಡತಿಯ ಅಣ್ಣನ ಮನೆಗೆ ಕೊಟ್ಟ ಗೌರವವೋ? ಗೈಡ್ ಹತ್ತಿರ ಈ ತೊಡಕು ಹೇಳಿದಾಗ ಅವರು, ಮಕ್ಕಳು ಎಲ್ಲಿ ಉಣ್ಣುತ್ತಾರೋ ಅಲ್ಲಿ ಹಾಕಮ್ಮ, ಮುಂದೆ ಹೋಗು ಎಂದರು. ನಾನು ಮುಂದೆ ಹೋಗಲಿಲ್ಲ. ಪ್ರಬಂಧದ ಒಂದು ಅಧ್ಯಾಯ ಪೂರ್ತಿ ಬೇರೆ ಮನೆಯಲ್ಲಿದ್ದು ಓದುವ ಮಕ್ಕಳ ಬಗ್ಗೆಯೇ ಆಯಿತು. ನನ್ನ ಮೊದಲ ಲೇಖನ ಅದರಿಂದ ಹುಟ್ಟಿತು, ಆ ಲೇಖನ ನೋಡಿಯೇ ಈಗಿನ ಕೆಲಸ ಸಿಕ್ಕಿತು. ನಮ್ಮ ಕಡೆಯ ಈ ಪದ್ಧತಿ ಎಷ್ಟು ದೊಡ್ಡದು, ಇದಿಲ್ಲದಿದ್ದರೆ ಎಷ್ಟು ಹೆಣ್ಣುಮಕ್ಕಳು ನಾಲ್ಕನೆಯ ಇಯತ್ತೆಗೇ ನಿಲ್ಲುತ್ತಿದ್ದರು ಎಂದು ನಾನು ಊರೂರಿಗೆ ಹೋಗಿ ಹೇಳಿದ್ದೇನೆ. ಈಗ ಅದೇ ಪದ್ಧತಿ ನನ್ನ ಬಾಗಿಲಿಗೆ ಬಂದಾಗ ನೀರು ದಿನ ಬಿಟ್ಟು ದಿನ ಬರುತ್ತದೆ ಎನ್ನುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಸವದತ್ತಿ ಮೇಲೆ ಹೋಗುವ ಬಸ್ಸು ಹತ್ತಿದೆ. ಸವದತ್ತಿ ನಿಲ್ದಾಣದಲ್ಲಿ ಚಾ ಕುಡಿಯಲು ಎಲ್ಲರೂ ಇಳಿದರು, ನಾನೂ ಇಳಿದೆ. ಪಕ್ಕದಲ್ಲಿ ಧಾರವಾಡದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ಅದನ್ನು ಹತ್ತಿ ವಾಪಸ್ ಹೋಗಿ, ಜ್ವರ ಬಂತು ಎಂದು ಫೋನ್ ಮಾಡಿದರೆ ಆಯಿತು. ಅದರ ಮೆಟ್ಟಿಲ ಹತ್ತಿರದವರೆಗೂ ಹೋಗಿದ್ದೆ. ಒಳಗಿದ್ದ ಪರಿಚಯದ ಮುಖವೊಂದು "ಏನ್ರಿ ಮೇಡಮ್, ಧಾರವಾಡಕ್ಕೇನು?" ಎಂದು ಕೇಳಿತು, ಅಲ್ಲ ರಾಮದುರ್ಗಕ್ಕೆ ಎಂದು ಬಾಯಿಂದ ಬಂತು. ಹೇಳಿದ ಮೇಲೆ ಹೋಗಲೇಬೇಕಾಯಿತು.

ಮಾವನ ಮಗಳ ಮನೆಯ ಹಿಂದುಗಡೆ ಅವಳ ಗಂಡನ ಮಗ್ಗಗಳಿವೆ. ಭಾನುವಾರವೂ ಅವು ಓಡುತ್ತಿದ್ದವು, ಆದ್ದರಿಂದ ಪಡಸಾಲೆಯಲ್ಲಿ ಎಲ್ಲರೂ ಸ್ವಲ್ಪ ಎತ್ತರದ ದನಿಯಲ್ಲೇ ಮಾತಾಡುತ್ತಾರೆ, ಜಗಳವಾಡುತ್ತಿದ್ದಾರೇನೋ ಎಂಬಂತೆ. ಅತ್ತೆ ಗೋಡೆಗೆ ಒರಗಿ ಮೆಂತ್ಯದ ಎಲೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಸೊರಗೀದಿ ಎಂದಳು. ಹುಡುಗಿ ನೀರು ತಂದು ಕೊಟ್ಟು ಒಳಗೆ ಹೋದಳು. ಉಪ್ಪಿಟ್ಟು ಬಂತು, ಚಾ ಬಂತು, ಅವರಿವರ ಮದುವೆಯ ಸುದ್ದಿ ಬಂತು, ಹುಡುಗಿಯ ವಿಷಯ ಮಾತ್ರ ಬರಲಿಲ್ಲ. ಅವರ ಪಾಲಿಗೆ ಅದು ಮುಗಿದ ಮಾತು. ಕೊನೆಗೆ ನಾನೇ ಎತ್ತಬೇಕಾಯಿತು. ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಒಳ್ಳೆಯ ಹಾಸ್ಟೆಲ್ಲುಗಳಿವೆ, ನಾನೇ ನಿಂತು ಸೇರಿಸುತ್ತೇನೆ, ವಾರಕ್ಕೊಮ್ಮೆ ಹೋಗಿ ನೋಡುತ್ತೇನೆ ಎಂದೆ.

ಮಾವನ ಮಗಳು ಚಾದ ಕಪ್ಪು-ಬಸಿಗಳನ್ನು ಎತ್ತುತ್ತಿದ್ದವಳು ಹಾಗೇ ನಿಂತಳು.

"ಹಾಸ್ಟೆಲ್ಲಿಗೆ ಹಾಕೂದಿದ್ರ ನಿನ್ನ ಯಾಕ ಕೇಳ್ತಿದ್ನಿ? ನಮಗ ದಾರಿ ಗೊತ್ತಿಲ್ಲೇನು?"

ನನ್ನ ಕೆಲಸ, ತಿರುಗಾಟ ಎಲ್ಲ ಹೇಳಿದೆ. ನೀರಿನ ವಿಷಯವನ್ನೂ ಹೇಳಿದೆ, ಅದನ್ನು ಹೇಳುವಾಗ ನನಗೇ ನಾಚಿಕೆಯಾಯಿತು. ಅವಳು ಕೇಳುತ್ತ ಕೇಳುತ್ತ ನಕ್ಕಳು, ನಗುವಿನಲ್ಲಿ ಖಾರ ಇತ್ತು. ಪ್ರೊಫೆಸರ್ ಬಾಯಿಯವರಿಗೆ ನಮ್ಮ ಹುಡುಗಿ ಮೈಲಿಗೆ ಆದಳೇನೋ ಎಂದು ಗೋಡೆಗೆ ಹೇಳುವಂತೆ ಹೇಳಿದಳು. ನಾನು ಪ್ರೊಫೆಸರ್ ಅಲ್ಲ. ಆದರೆ ಅದನ್ನು ತಿದ್ದುವ ಹೊತ್ತು ಅದಲ್ಲ. ಸಿಟ್ಟಿನಲ್ಲಿ, ಯೋಚಿಸದೆ, ಬೇರೆಯವರ ಮನೆಯಲ್ಲಿ ಇದ್ದು ಓದುವುದು ಸುಲಭವಲ್ಲ, ನಿನಗೆ ಗೊತ್ತಿಲ್ಲ ಎಂದುಬಿಟ್ಟೆ.

ಅತ್ತೆ ಕೈಯಲ್ಲಿದ್ದ ಮೆಂತ್ಯದ ಕಡ್ಡಿಯನ್ನು ಕೆಳಗಿಟ್ಟಳು.

"ಬ್ಯಾರೇದವರ ಮನಿ ಅಂತೀಯೇನವಾ?" ಎಂದಳು. ಸಿಟ್ಟಿರಲಿಲ್ಲ, ವಿಚಾರಿಸುವ ದನಿ. "ಏನ ಕಮ್ಮಿ ಮಾಡಿದ್ದೆ ನಾ?"

ಏನೂ ಕಡಿಮೆ ಮಾಡಿರಲಿಲ್ಲ. ಅದನ್ನೇ ಹೇಳಿದೆ. ಆಮೇಲೆ, ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಆಡಿದೆ. ನೀವು ನನಗೆ ಒಂದು ದಿನವೂ ಬೈಯಲಿಲ್ಲ, ಇವಳಿಗೆ ಬೈದ ಹಾಗೆ ನನಗೆ ಬೈಯಲಿಲ್ಲ ಎಂದೆ. ಹೇಳಿದ ಮೇಲೆ ಅದೆಷ್ಟು ಬಾಲಿಶವಾಗಿ ಕೇಳಿಸಿತೆಂದರೆ ಎದ್ದು ಹೋಗಬೇಕೆನಿಸಿತು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು.

"ಅಂಜಿಕಿ ಇತ್ತವಾ ನನಗ. ನಿನಗ ಬೈದು, ನೀ ಗಂಟ ಕಟ್ಟಿಕೊಂಡ ಊರಿಗಿ ಹೊಂಟ್ರ, ನಿಮ್ಮವ್ವಗ ಏನ ಹೇಳ್ಲಿ, ನಿಮ್ಮ ಮಾವಗ ಏನ ಹೇಳ್ಲಿ? ಇಕಿಗೆ ಬೈದ್ರ ಎಲ್ಲಿಗಿ ಹೊಕ್ಕಾಳ? ಉಣ್ಣೂ ಹೊತ್ತಿಗೆ ತಾನ ಬರ್ತಾಳ."

"ಬಂದ್ನೆಲ್ಲಾ" ಎಂದಳು ಮಗಳು. "ನಿನ್ನ ಪಾಲಿನ ಬೈಗಳಾನೂ ನನ್ನ ಮ್ಯಾಲ ಬಿದ್ದಾವ ಲೇ. ಅದನ್ನೂ ಬರಕೋ ನಿನ್ನ ಪುಸ್ತಕದಾಗ, ಯಾರ ಖರ್ಚಿಗೆ ಹಾಕ್ತಿ ನೋಡೂಣು."

ಅತ್ತೆ ನಕ್ಕಳು. ನಾನೂ ನಕ್ಕೆ, ನಗದೆ ಇರಲು ಆಗಲಿಲ್ಲ. ಆದರೆ ಆ ನಗುವಿನಿಂದ ಏನೂ ಇತ್ಯರ್ಥವಾಗಲಿಲ್ಲ. ಅತ್ತೆಯ ಅಂಜಿಕೆ ಆಗ ನಿಜವಾಗಿ ಇತ್ತೋ, ನಾನು ಕೇಳಿದ್ದಕ್ಕೆ ಈಗ ಹುಟ್ಟಿತೋ? ನೆನಪು ನನಗೊಬ್ಬಳಿಗೇ ಮೋಸ ಮಾಡುತ್ತದೆಯೇ? ಇನ್ನೊಂದು ಕಡೆಯಿಂದ ನೋಡಿದರೆ, ಮಾವನ ಮಗಳು ನನ್ನಿಂದಾಗಿ ಅರ್ಧ ಹಾಸಿಗೆಯನ್ನು ಬಿಟ್ಟುಕೊಟ್ಟವಳು. ಶಿಕ್ಷಣಕ್ಕೆ ಯಾರು ಏನು ತೆತ್ತರು ಎಂದು ಇಷ್ಟು ವರ್ಷ ಕೇಳಿದ ನಾನು ಅವಳನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದರೆ ತೊರಗಲ್ಲಿನ ಆ ಹೆಣ್ಣುಮಗಳ ಹಾಗೆ ಅವಳೂ ಸಿಟ್ಟಾಗುತ್ತಿದ್ದಳೋ ಏನೋ.

ಊಟವಾಯಿತು. ಹೂಂ ಎಂದೂ ಹೇಳಲಿಲ್ಲ, ಒಲ್ಲೆ ಎಂದೂ ಹೇಳಲಿಲ್ಲ. ಹೊರಡುವಾಗ ಅತ್ತೆ ಹುಡುಗಿಯನ್ನು ಕರೆದು, ಅತ್ತೀನ ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬಾ ಎಂದಳು. ಆ ಹುಡುಗಿಗೆ ನಾನು ಅತ್ತೆಯಾಗಬೇಕು. ಸಂಬಂಧ ಹಾಗೇ ಬರುತ್ತದೆ.

ದಾರಿಯಲ್ಲಿ ಅವಳು ಮುಂದೆ ನಡೆದಳು. ಹದಿನಾರರ ಹುಡುಗಿ, ಉದ್ದನೆಯ ಹೆಜ್ಜೆ, ನಾನು ಹಿಂದೆ ಬೀಳುತ್ತಿದ್ದೆ. ನಮ್ಮ ಮಾತನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದಾಳೆ ಎಂಬುದರಲ್ಲಿ ಅನುಮಾನವಿರಲಿಲ್ಲ. ನಿನಗೆ ಎಲ್ಲಿರಬೇಕು ಅನ್ನಿಸುತ್ತದೆ, ಹಾಸ್ಟೆಲ್ಲೋ ನಮ್ಮ ಮನೆಯೋ ಎಂದು ಕೇಳಿದೆ. ನನ್ನನ್ನು ಬೈಲಹೊಂಗಲದಲ್ಲಿ ಬಿಡುವಾಗ ಯಾರೂ ಹೀಗೆ ಕೇಳಿರಲಿಲ್ಲ. ಅಥವಾ ಕೇಳಿದ್ದರೋ? ಗೊತ್ತಿಲ್ಲ.

ಅವಳು ತಿರುಗಿ ನನ್ನನ್ನೇ ಕೇಳಿದಳು. "ನೀವು ಹಳ್ಳಿಗಿ ಹ್ವಾದ್ರ ಎಷ್ಟೊತ್ತಿಗೆ ಬರ್ತೀರ್ರಿ?"

ಹೊತ್ತಿನ ಭರವಸೆಯಿಲ್ಲ ಎಂದೆ. ಪಕ್ಕದ ಮನೆಯವರು ಒಳ್ಳೆಯವರು, ನಾನು ಬರುವವರೆಗೆ ಅಲ್ಲಿ ಕೂರಬಹುದು ಎಂದೆ. ಹಾಗೆ ಹೇಳುತ್ತ ಹೇಳುತ್ತ, ಅವಳು ಬರುವುದು ನಿಶ್ಚಯವಾದಂತೆ ಮಾತಾಡುತ್ತಿದ್ದೇನೆ ಎಂದು ಹೊಳೆಯಿತು.

"ಬಾಜೂ ಮನ್ಯಾಗ ಕುಂಡ್ರಾಕ ನಾ ಒಲ್ಲೆರಿ ಅತ್ತಿ" ಎಂದಳು. "ನನ್ನ ಕೈಯಾಗ ಒಂದು ಚಾವಿ ಕೊಡ್ರಿ. ಚಾವಿ ಕೊಡತೇನಿ ಅಂದ್ರ ಬರತೇನಿ. ಇಲ್ಲಂದ್ರ ಹಾಸ್ಟೆಲ್ಲ ಚಲೋ. ಅವ್ವಗ ನಾ ಹೇಳತೇನಿ, ನಿಮ್ಮ ಮ್ಯಾಲ ಬರೂದಿಲ್ಲ."

ಮಾತಿನಲ್ಲಿ ಹಟವಿರಲಿಲ್ಲ. ಬಸ್ಸಿನ ಸಮಯ ವಿಚಾರಿಸುವ ಹಾಗೆ ಕೇಳಿದ್ದಳು. ನಾನು ನಿಂತೆ. ನನ್ನ ಮನೆಗೆ ಎರಡು ಚಾವಿ ಇವೆ, ಎರಡನೆಯದು ಕಪಾಟಿನಲ್ಲಿ ಬಟ್ಟೆಯ ಕೆಳಗಿದೆ, ಅದನ್ನು ಯಾರಿಗೂ ಕೊಟ್ಟಿಲ್ಲ. ಪಕ್ಕದವರಿಗೂ ಕೊಟ್ಟಿಲ್ಲ, ಊರಿನಿಂದ ಬಂದ ಅವ್ವನಿಗೂ ಕೊಟ್ಟಿಲ್ಲ. ವಾರವಿಡೀ ಹುಡುಕಿ ಹುಡುಕಿ ಜೋಡಿಸಿದ ಕಾರಣಗಳ ಕೆಳಗೆ ಇದ್ದದ್ದು ಇದು. ನನ್ನದು ಎನ್ನುವ ಬಾಗಿಲೊಂದು ಸಿಗಲು ನನಗೆ ಮೂವತ್ತು ದಾಟಬೇಕಾಗಿತ್ತು. ಇವಳು ಹದಿನಾರಕ್ಕೇ, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಕೇಳುತ್ತಿದ್ದಾಳೆ. ಹೊಟ್ಟೆಕಿಚ್ಚು ಎನ್ನಲೇ ಅದನ್ನು? ಹತ್ತಿರ ಹತ್ತಿರ ಅದೇ.

ಬಸ್ಸು ಬಂದು ನಿಂತಿತ್ತು. "ಕೊಡತೇನಿ" ಎಂದೆ. ಅವಳು ತಲೆಯಾಡಿಸಿ, ನನ್ನ ಚೀಲ ಕಿಟಕಿಯಿಂದ ಒಳಗೆ ಹಾಕಿ ಸೀಟು ಹಿಡಿದುಕೊಟ್ಟಳು.

ಜೂನಿನಲ್ಲಿ ಅವಳು ಬಂದಳು, ಎರಡನೆಯ ಚಾವಿಯನ್ನು ಅವಳ ಕೈಗೆ ಕೊಟ್ಟೆ. ಮನಸ್ಸಿಗೆ ನೆಮ್ಮದಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಬಚ್ಚಲಲ್ಲಿ ಅವಳ ಕೂದಲು, ಒಲೆಯ ಪಕ್ಕ ಅವಳ ಡಬ್ಬಿ, ಸಂಜೆ ಫೋನಿನಲ್ಲಿ ಗೆಳತಿಯರ ಜೊತೆ ನಗು. ನನಗೆ ಓದಲಾಗುವುದಿಲ್ಲ, ಓದುತ್ತಿರುವಂತೆ ಕೂತಿರುತ್ತೇನೆ. ಮೊದಲ ದಿನಗಳಲ್ಲಿ ಹಾಲು ತೆಗೆದುಕೊಳ್ಳಲೇ, ಫ್ಯಾನ್ ಹಾಕಲೇ ಎಂದು ಒಂದೊಂದನ್ನೂ ಕೇಳುತ್ತಿದ್ದಳು. ಕೇಳಬೇಡ, ತೆಗೆದುಕೋ ಎಂದೆ. ಆದರೂ ಕೇಳಿದಳು. ಹಾಗೆ ಕೇಳುವುದು ಒಳಗಿನಿಂದ ಹೇಗಿರುತ್ತದೆ ಎಂದು ನನಗೆ ಗೊತ್ತು ಎಂದುಕೊಂಡೆ. ಅವಳ ಒಳಗನ್ನು ನನ್ನ ನೆನಪಿನಿಂದ ತುಂಬುತ್ತಿದ್ದೇನೆ ಎಂದು ಆಮೇಲೆ ಅನ್ನಿಸಿತು. ಸುಮ್ಮನೆ ರೂಢಿಗೆ ಕೇಳುತ್ತಿರಬಹುದು.

ಹೋದ ವಾರ ಕಿತ್ತೂರಿನ ಕಡೆ, ದೇಗಾಂವದಲ್ಲಿ ಕೆಲಸವಿತ್ತು. ಮುಗಿಸಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿತ್ತು. ಮೆಟ್ಟಿಲ ಮೇಲೆ ನಿಂತು ಬೀಗಕ್ಕಾಗಿ ಕೈ ಚಾಚಿದೆ, ಬೀಗ ಇರಲಿಲ್ಲ. ಬಾಗಿಲು ಒಳಗಿನಿಂದ ಭದ್ರವಾಗಿತ್ತು. ನನ್ನ ಚಾವಿಯಿಂದ ಏನೂ ಉಪಯೋಗವಿರಲಿಲ್ಲ. ಬಡಿದೆ.

"ಯಾರ್ರಿ?" ಎಂದು ಒಳಗಿನಿಂದ ಕೇಳಿತು.

ಆ ಬಾಗಿಲಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೆಸರು ಹೇಳಬೇಕೋ, ಈ ಮನೆಯವಳು ಎನ್ನಬೇಕೋ ತಿಳಿಯದೆ "ನಾನು" ಎಂದೆ. ನಾನು ಅಂದರೆ ಯಾರು ಎಂದು ಮತ್ತೆ ಕೇಳಿದಳು, ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ನಿನ್ನ ಅತ್ತಿ, ಬಾಗಲಾ ತಗಿ ಎಂದೆ.

ಬಂದ್ನಿರಿ ಎಂಬ ದನಿ ಬಂತು. ಹೆಜ್ಜೆಯ ಸದ್ದು ಕೂಡಲೇ ಬರಲಿಲ್ಲ. ಓದುತ್ತಿದ್ದ ಪುಟವನ್ನು ಮುಗಿಸುತ್ತಿದ್ದಳೇನೋ. ನಾನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಹೊರಗೆ ಕಾಯುತ್ತ ನಿಂತೆ.